ಗೂಬೆಯ ಬಿಡಾರ

ಗೀಜಗವು ಹುಲ್ಲಿನ ಎಳೆಗಳನ್ನು ಹೆಣೆದು ತೂಗುಗೂಡನ್ನು ಕಟ್ಟುತ್ತದೆ. ಸಿಂಪಿಗವು ಎಲೆಗಳನ್ನು ಹೊಲಿದು ಮನೆ ಮಾಡಿಕೊಳ್ಳುತ್ತದೆ. ಗೂಬೆಗೆ ಈ ಕಲೆ ಬಾರದು. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಬಗೆಯ ಗೂಬೆಗಳಿದ್ದರೂ ಅವುಗಳಲ್ಲಿ ಬಹುಪಾಲು ಗೂಡನ್ನು ಕಟ್ಟುವುದೇ ಇಲ್ಲ. ಆದುದರಿಂದ ತಕ್ಕ ಸ್ಥಳವನ್ನು ಹುಡುಕಿಕೊಳ್ಳುವುದೇ ಅವುಗಳ ಜಾಣ್ಮೆ.

ನಮ್ಮ ಊರುಗಳ ಅಂಚಿನಲ್ಲಿ ಸಾಮಾನ್ಯವಾಗಿ ಕಾಣಸಿಗುವ ಹಾಲಕ್ಕಿಯನ್ನೇ ನೋಡಿರಿ. ಇದರ ನುಡಿಯನ್ನು ಕೇಳಿ ಶಕುನ ಹೇಳುವುದಾಗಿ ಬುಡುಬುಡಿಕೆಯವರು ಮನೆಮನೆಯ ಮುಂದೆ ಸಾರುತ್ತಾರೆ. ಸುಮಾರು 21 ಸೆಂಟಿಮೀಟರ್ ಉದ್ದದ ಈ ಪುಟ್ಟ ಗೂಬೆ ಮಾವು, ಆಲ, ಹುಣಿಸೆಯಂಥ ಹಳೆಯ ಮರಗಳ ಪೊಟರೆಗಳಲ್ಲಿ ನೆಲಸುತ್ತದೆ. ಕೊಂಬೆ ಮುರಿದು ಕೊಳೆತು ಆದ ಪೊಟರೆಯಾದರೂ ಸರಿ, ಬೇರೆ ಹಕ್ಕಿ ಕೊರೆದು ಬಿಟ್ಟುಹೋದುದಾದರೂ ಸರಿ. ಗೊರವಂಕಗಳಿಗೂ ಗಿಳಿಗಳಿಗೂ ಇಂಥವೇ ಬೇಕಾಗಿರುವುದರಿಂದ ಒಂದೊಂದು ಪೊಟರೆಗಾಗಿ ಜಗಳ ನಡೆಯುವುದುಂಟು. ತಾನು ನುಸುಳುವಷ್ಟು ಅಗಲದ ಬಾಯಿ, ದೊಡ್ಡ ಶತ್ರು ತೂರಲಾರದಷ್ಟು ಇಕ್ಕಟ್ಟು, ಒಳಗೆ ಕತ್ತಲೆ: ಇಷ್ಟಿದ್ದರೆ ಸಾಕು. ಕತ್ತಲೆಯಲ್ಲಿ ಇಡುವ ಮೊಟ್ಟೆಗಳಿಗೆ ಮರೆಮಾಚುವ ಬಣ್ಣ ಬೇಕಿಲ್ಲ. ಗೂಬೆಯ ಮೊಟ್ಟೆಗಳು ಅಚ್ಚ ಬಿಳುಪು.

ಕೊಂಬಿನ ಗೂಬೆಯ ರೀತಿಯೇ ಬೇರೆ. ಬಯಲುಸೀಮೆಯ ಬಂಡೆಗುಡ್ಡಗಳಲ್ಲಿ, ಹಳ್ಳದ ದಡದ ಚಾಚುಗಳಲ್ಲಿ, ಕೆಲವೊಮ್ಮೆ ಇಳಿಜಾರಿನ ಪೊದೆಯ ಬುಡದಲ್ಲಿ, ಬರಿಯ ಮಣ್ಣಿನ ಮೇಲೆಯೇ ಅದು ಮೊಟ್ಟೆಯಿಡುತ್ತದೆ. ಒಮ್ಮೆ ಒಗ್ಗಿದ ತಾಣಕ್ಕೆ ವರ್ಷ ವರ್ಷವೂ ಮರಳುತ್ತದೆ. ಮೀನುಗೂಬೆಯಾದರೋ ನೀರನ್ನು ಬಿಟ್ಟು ದೂರ ಹೋಗದು.

ಕಣಜದ ಗೂಬೆಗೆ ಮನುಷ್ಯನ ಕಟ್ಟಡಗಳೇ ಪ್ರಿಯ. ಪಾಳು ಕೋಟೆ, ಗೋಪುರ, ಹಾಳು ಬಾವಿಯ ಗೋಡೆಯ ಬಿರುಕು ಇವೆಲ್ಲ ಅದರ ಬಿಡಾರಗಳು. ಗಂಡು ಆ ತಾಣಕ್ಕೆ ಹಾರಿಬರುತ್ತ, ಕೂಗುತ್ತ, ಬೇಟೆಯನ್ನು ತಂದು ಹೆಣ್ಣಿಗೆ ಒಪ್ಪಿಸುತ್ತದೆ. ಹೆಣ್ಣು ಒಪ್ಪಿ ಒಳಗೆ ಕುಳಿತರೆ ಸಂಸಾರ ಆರಂಭವಾಯಿತೆಂದೇ ಅರ್ಥ. ಜೀರ್ಣವಾಗದ ಇಲಿಯ ಮೂಳೆ, ಕೂದಲುಗಳನ್ನು ಗೂಬೆ ಉಂಡೆಮಾಡಿ ಕಾರುತ್ತದೆ; ಆ ಉಂಡೆಗಳ ಪುಡಿಯೇ ಮರಿಗಳ ಹಾಸಿಗೆ. ಮೊದಲ ಮೊಟ್ಟೆಯಿಂದಲೇ ಕಾವು ಕೊಡುವುದರಿಂದ ಮರಿಗಳು ಮೆಟ್ಟಲು ಮೆಟ್ಟಲಾಗಿ ಬೇರೆ ಬೇರೆ ಗಾತ್ರದಲ್ಲಿರುತ್ತವೆ. ಸುತ್ತಲ ಹೊಲಗಳಲ್ಲಿ ಇಲಿ ಹೇರಳವಾಗಿದ್ದ ವರ್ಷ ಮೊಟ್ಟೆಗಳೂ ಹೆಚ್ಚು. ತಾಣ ಎಷ್ಟೇ ಭದ್ರವಾಗಿದ್ದರೂ ಬಳಿಯಲ್ಲಿ ಆಹಾರವಿಲ್ಲದಿದ್ದರೆ ಅದು ನಿಷ್ಪ್ರಯೋಜಕ.

ಗೂಬೆ ಮನೆಯ ಮೇಲೆ ಕುಳಿತರೆ ಕೇಡೆಂದು ಅದನ್ನು ಓಡಿಸುವವರು ಇಂದಿಗೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಗೂಬೆಯನ್ನು ಕೊಲ್ಲುವುದನ್ನು ನಿಷೇಧಿಸಿದೆ. ಆದರೆ ಪೊಟರೆಯುಳ್ಳ ಮುದಿಮರವನ್ನು ಸೌದೆಗೆಂದು ಕಡಿದಾಗ ಗೂಬೆಯ ನೆಲೆಯೇ ತಪ್ಪುತ್ತದೆ. ಹೊಸದಾಗಿ ನೆಟ್ಟ ಸಸಿಯಲ್ಲಿ ಪೊಟರೆಯಾಗಲು ಹಲವು ದಶಕಗಳೇ ಬೇಕು. ಇಸ್ರೇಲಿನ ಸ್ದೆ ಎಲಿಯಾಹು ಎಂಬ ಊರಿನ ಬೇಸಾಯಗಾರರು 1983ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಹೊಲಗಳಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸಿ ಕಣಜದ ಗೂಬೆಗಳನ್ನು ಕರೆದರು. ಗೂಬೆಗಳು ಬಂದು ನೆಲಸಿದವು. ಮಲೇಷ್ಯದ ಎಣ್ಣೆತಾಳೆಯ ತೋಟಗಳಲ್ಲಿಯೂ ಇಲಿಗಳನ್ನು ಹತೋಟಿಯಲ್ಲಿಡಲು ಇಂಥ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ.