ಒಂದು ಎಕರೆಯ ಬದುವಿನಲ್ಲಿ ಕೊನೆಯಿಲ್ಲದ ಸಂಖ್ಯೆ

ಸಿಂಧನೂರಿನ ಕಡೆ, ತುಂಗಭದ್ರಾ ಎಡದಂಡೆ ನಾಲೆಯ ನೀರುಣ್ಣುವ ಬಯಲಿನಲ್ಲಿ, ಸರಿಯಾಗಿ ಒಂದು ಎಕರೆಯ ಚೌಕಾಕಾರದ ಭತ್ತದ ಗದ್ದೆ ಇದೆ ಎಂದುಕೊಳ್ಳಿ. ಅದರ ಒಂದು ಬದಿಯ ಬದು ಎಷ್ಟು ಉದ್ದ? ಎಷ್ಟು ಸಣ್ಣ ಪ್ರಶ್ನೆ! ಉತ್ತರದ ಬೆನ್ನು ಹತ್ತಿದರೆ ಮಾತ್ರ ಮೈ ಜುಮ್ಮೆನ್ನುತ್ತದೆ.

ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಒಟ್ಟು 43,560 ಚದರಡಿ. ಇದರ ವರ್ಗಮೂಲವೇ ನಮ್ಮ ಬದು. 208 ಅಡಿ ಸಾಲದು, 209 ಹೆಚ್ಚಾಯಿತು. 208.71 ಅಡಿ ಹಿಡಿದರೆ 43,559.8641 ಚದರಡಿ, ಇನ್ನೂ ತುಸು ಕಡಿಮೆ! 208.72 ಹಿಡಿದರೆ ಮತ್ತೆ ಹೆಚ್ಚು. ದಶಾಂಶ ಬೆಳೆಸುತ್ತಾ ಹೋಗಿ: 208.710325… ಕೊನೆಯೇ ಇಲ್ಲ!

ಕೊನೆಯಿಲ್ಲದಿರುವುದಷ್ಟೇ ಸೋಜಿಗವಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ 10 ಗ್ರಾಂ ತಂದು 7 ಜನಕ್ಕೆ ಸಮನಾಗಿ ಹಂಚಿ. ಒಬ್ಬೊಬ್ಬರಿಗೆ 1.428571428571… ಗ್ರಾಂ. ಇದಕ್ಕೂ ಕೊನೆಯಿಲ್ಲ, ಆದರೆ 428571 ಎಂಬ ಗುಂಪೇ ಮತ್ತೆ ಮತ್ತೆ ಬರುತ್ತದೆ. 10/7 ಎಂದು ಬರೆದರೆ ಲೆಕ್ಕ ಚುಕ್ತಾ. ಹೀಗೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಬರುವುದು ಭಾಗಲಬ್ಧ ಸಂಖ್ಯೆ. ನಮ್ಮ ಬದು ಅಂಥದ್ದಲ್ಲ. ಅದರ ಅಂಕಿಗಳು ಎಂದೂ ಒಂದೇ ಸುತ್ತಿಗೆ ಬೀಳುವುದಿಲ್ಲ. ಅದು ಅಭಾಗಲಬ್ಧ!

ಕೊನೆತನಕ ಎಣಿಸಿ ನೋಡದೆ ಇದನ್ನು ಹೇಳುವುದು ಹೇಗೆ? ಇಲ್ಲಿದೆ ಗಣಿತದ ಬೆರಗು. 43,560 ಎಂದರೆ 66×66×10. ಹಾಗಾಗಿ ಬದು 66√10 ಅಡಿ. √10 ಒಂದು ಭಿನ್ನರಾಶಿ, p/q, ಎಂದು ಹಿಡಿಯಿರಿ. ಆಗ p² = 10q² ಆಗಬೇಕು. ಎರಡೂ ಕಡೆ 2 ಎಂಬ ಅಪವರ್ತನ ಎಷ್ಟು ಸಲ ಇದೆ ನೋಡಿ. ಯಾವ ವರ್ಗಸಂಖ್ಯೆಯಲ್ಲೂ ಅದು ಸಮ ಸಲವೇ ಬರುತ್ತದೆ. ಬಲಗಡೆ 10 ತನ್ನದೊಂದು 2 ಸೇರಿಸಿ ಅದನ್ನು ಬೆಸ ಮಾಡುತ್ತದೆ. ಒಂದೇ ಸಂಖ್ಯೆಯಲ್ಲಿ ಸಮವೂ ಬೆಸವೂ! ಸಾಧ್ಯವೇ ಇಲ್ಲ. ನಾಲ್ಕು ಸಾಲಿನ ತರ್ಕ ಅನಂತ ಅಂಕಿಗಳ ಗುಟ್ಟು ಬಿಚ್ಚಿಟ್ಟಿತು!

ಇನ್ನೂ ಕೇಳಿ. 9ನೇ ಶತಮಾನ. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡು ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ವೃತ್ತದ ಸುತ್ತಳತೆಗೆ ಎರಡು ಲೆಕ್ಕ ಕೊಟ್ಟರು: ಸ್ಥೂಲವಾಗಿ ವ್ಯಾಸದ 3 ಪಟ್ಟು, ಸೂಕ್ಷ್ಮವಾಗಿ √10 ಪಟ್ಟು. ಅದೇ √10! 66 ಅಡಿ ವ್ಯಾಸದ ವೃತ್ತಕ್ಕೆ ಅವರ ಸೂಕ್ಷ್ಮ ಲೆಕ್ಕದಲ್ಲಿ ಬರುವ ಸುತ್ತಳತೆ ನಮ್ಮ ಎಕರೆಯ ಬದುವಿನಷ್ಟೇ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ! √10 ಸುಮಾರು 3.1623, ನಿಜವಾದ π ಸುಮಾರು 3.1416. ಆ π ಕೂಡ ಅಭಾಗಲಬ್ಧವೆಂದು 1761ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿದರು.

ಇನ್ನು ಇದೇ ಎಡೆದೊರೆ ನಾಡಿನ ಮಸ್ಕಿ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಇಲ್ಲಿನ ಬಂಡೆ ಶಾಸನವೇ ‘ದೇವಾನಾಂಪ್ರಿಯ’ನೆಂದರೆ ಅಶೋಕ ಎಂದು ಜಗತ್ತಿಗೆ ಖಚಿತಪಡಿಸಿತು. ಆ ಶಾಸನಕ್ಕಿಂತಲೂ ಹಳೆಯದು ಬೌಧಾಯನ ಶುಲ್ಬಸೂತ್ರ ಎಂಬ ಗ್ರಂಥ. 1 ಅಡಿ ಚೌಕದ ಕರ್ಣ √2 ಅಡಿಯಲ್ಲವೇ? ಅದಕ್ಕೆ ಈ ಸೂತ್ರ ಕೊಡುವ ಬೆಲೆ 577/408. ವರ್ಗ ಮಾಡಿ ನೋಡಿ: 577ರ ವರ್ಗ 3,32,929, 408ರ ವರ್ಗದ ಎರಡು ಪಟ್ಟು 3,32,928. ಬರೀ ಒಂದರ ಅಂತರ! ಆ ಒಂದನ್ನು ಯಾವ ಭಿನ್ನರಾಶಿಯೂ ಎಂದೆಂದಿಗೂ ಅಳಿಸಲಾರದು. √2 ಕೂಡ ಅಭಾಗಲಬ್ಧ.

ಎಸ್ಸೆಸ್ಸೆಲ್ಸಿ ಮಕ್ಕಳೇ, ‘√2 ಅಭಾಗಲಬ್ಧ ಎಂದು ಸಾಧಿಸಿ’ ಎಂಬ ಪ್ರಶ್ನೆಯನ್ನು ಅಂಕಕ್ಕಾಗಿ ಉರು ಹೊಡೆಯಬೇಡಿ. ಮನೆಯ ಪಹಣಿ ತೆಗೆದು ಹೊಲ ಎಷ್ಟು ಗುಂಟೆ ನೋಡಿ. ಗುಂಟೆಯ ಚೌಕಕ್ಕೆ ಬದಿ ಸರಿಯಾಗಿ 33 ಅಡಿ. ಎರಡೂವರೆ ಎಕರೆ, ಅಂದರೆ 100 ಗುಂಟೆಯ ಚೌಕಕ್ಕೆ 330 ಅಡಿ. ಹತ್ತು ಎಕರೆಗೆ 660 ಅಡಿ. ಗುಂಟೆಗಳ ಸಂಖ್ಯೆ ಪೂರ್ಣಾಂಕವಾಗಿದ್ದಾಗ, ಅದು ವರ್ಗಸಂಖ್ಯೆಯಾದರೆ ಚೌಕದ ಬದು ಭಾಗಲಬ್ಧ; ಇಲ್ಲದಿದ್ದರೆ ಅಭಾಗಲಬ್ಧ. ಇಂದೇ ಲೆಕ್ಕ ಹಾಕಿ, ಮನೆಯವರಿಗೂ ತೋರಿಸಿ.