ಅಜ್ಜಿಯ ಏಕಾದಶಿ, ಡಾಕ್ಟರ 18 ಸೆಕೆಂಡು

ಡಾಕ್ಟರ ಎದುರು ಕೂತರೆ ನಮ್ಮಜ್ಜಿ ಕಾಯಿಲೆಯಿಂದ ಶುರು ಮಾಡುವುದೇ ಇಲ್ಲ. ಮೊದಲು ಗಾಂಧಿಬಜಾರಿನಲ್ಲಿ ಸೇವಂತಿಗೆ ಹೂವಿನ ರೇಟು, ಆಮೇಲೆ ನಂಟರ ಮನೆಯ ಸೀಮಂತ, ಅಲ್ಲಿಗೆ ಹೋದ ಆಟೋ, ಆಟೋ ಇಳಿಯುವಾಗ ಬಂದ ತಲೆಸುತ್ತು. ಪಕ್ಕದಲ್ಲಿರುತ್ತಿದ್ದ ನಾನು ಅವಳನ್ನು ತಡೆದು ನಾನೇ ಹೇಳಿಬಿಡುತ್ತಿದ್ದೆ: "78 ವರ್ಷ ಸಾರ್, ಶುಗರ್ ಇದೆ, ನಾಲ್ಕು ಸಲ ಬಿದ್ದಿದ್ದಾರೆ."

ಸಾಫ್ಟ್‌ವೇರ್‌ನವನು ನಾನು. ಬಗ್ ರಿಪೋರ್ಟ್ ಥರ ಹೇಳಿದರೇ ಸಮಾಧಾನ. ಬಿದ್ದ ತಾರೀಕುಗಳನ್ನೂ ಎಕ್ಸೆಲ್‌ನಲ್ಲಿ ಹಾಕಿಟ್ಟಿದ್ದೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ತಲೆ ಸ್ಕ್ಯಾನ್, ಇಸಿಜಿ, ಕಿವಿ ಪರೀಕ್ಷೆ ಎಲ್ಲ ಆಯ್ತು. ಎಲ್ಲ ನಾರ್ಮಲ್. ವಯಸ್ಸಾಯ್ತಲ್ಲ ಅಂದರು.

ಕೊನೆಗೆ ಹೋಗಿದ್ದು ಚಾಮರಾಜಪೇಟೆಯ ನಮ್ಮ ಹಳೇ ಫ್ಯಾಮಿಲಿ ಡಾಕ್ಟರ ಹತ್ತಿರ. ನಾನು ಬಾಯಿ ತೆರೆದ ಕೂಡಲೇ ಅವರು, "ನೀನು ಸುಮ್ನಿರಪ್ಪ. ಅಮ್ಮ, ನೀವು ಹೇಳಿ" ಅಂದರು. ಹೂವಿನಿಂದಲೇ ಶುರುವಾಯ್ತು. ಹೂವು ತಂದಿದ್ದು ದ್ವಾದಶಿ ಪೂಜೆಗೆ. ಹಿಂದಿನ ದಿನ ಏಕಾದಶಿ, ನಿರಾಹಾರ. "ಮಾತ್ರೆ?" ಅಂತ ಕೇಳಿದರು ಡಾಕ್ಟರು. "ಅದನ್ನ ಮಾತ್ರ ತಪ್ಪಿಸಲ್ಲ ಡಾಕ್ಟ್ರೇ, ಒಂದು ದಿನಾನೂ ಬಿಡ್ಬೇಡಿ ಅಂದಿದ್ರಲ್ಲ. ಒಂದು ಗುಟುಕು ನೀರಲ್ಲಿ ನುಂಗ್ತೀನಿ."

ಅವಳು ತಗೊಳ್ಳುತ್ತಿದ್ದದ್ದು ಗ್ಲಿಮೆಪಿರೈಡ್. ಹೊಟ್ಟೆಗೆ ಏನಾದರೂ ಬಿತ್ತೋ ಇಲ್ಲವೋ ನೋಡದೆ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ ಅದು. ಉಪವಾಸದ ದಿನ ನುಂಗಿದರೆ ಶುಗರ್ ಕುಸಿಯುತ್ತೆ. ವಯಸ್ಸಾದವರಿಗಂತೂ ಪ್ರಾಣಕ್ಕೇ ಕುತ್ತಾಗಬಹುದು. ಮನೆಗೆ ಬಂದು ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಪಕ್ಕ ನನ್ನ ಎಕ್ಸೆಲ್ ಹಿಡಿದೆ. ನಾಲ್ಕೂ ಏಕಾದಶಿಗಳೇ. ಅಜ್ಜಿ ಉಪವಾಸ ಮಾಡೋದು ಮನೆಯವರಿಗೆಲ್ಲ ಗೊತ್ತಿತ್ತು. ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತೆ ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆ ರಾತ್ರಿ ನಾಚಿಕೆಯಿಂದ ಓದುತ್ತಾ ಕೂತೆ. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬುವರು ಡಾಕ್ಟರ್-ರೋಗಿಗಳ 74 ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದ್ದರು. ರೋಗಿ ಮಾತು ಶುರು ಮಾಡಿದ ಮೇಲೆ ಡಾಕ್ಟರು ಮಧ್ಯೆ ಬಾಯಿ ಹಾಕುವುದಕ್ಕೆ ಹಿಡಿದ ಸಮಯ ಸರಾಸರಿ 18 ಸೆಕೆಂಡು! ನಾನಂತೂ ಅಷ್ಟೂ ಕೊಟ್ಟಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಡಾ. ರೀಟಾ ಶರೋನ್ ವೈದ್ಯೆಯಾಗಿದ್ದುಕೊಂಡೇ ಸಾಹಿತ್ಯದಲ್ಲಿ ಡಾಕ್ಟರೇಟ್ ಮಾಡಿದವರು. ರೋಗಿಯ ಕಥೆ ಕೇಳುವುದನ್ನು ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿಯೇ ಕಲಿಸುತ್ತಾರೆ.

ನಮ್ಮಲ್ಲಿ ಇದೇನು ಹೊಸದಲ್ಲ. ಮನೋವೈದ್ಯ ಆರ್.ಎಲ್. ಕಪೂರ್ ಅವರು ಕಾರ್‌ಸ್ಟೇರ್ಸ್ ಜೊತೆ ಸೇರಿ ಕರಾವಳಿಯ ಕೋಟದಲ್ಲಿ ಮನೆ ಮನೆಗೆ ಹೋಗಿ ಜನರ ಸಂಕಟ ಕೇಳಿದವರು. ಊರಿನವರು ಸಹಾಯ ಕೇಳಿ ಹೋಗುತ್ತಿದ್ದ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳನ್ನೂ ಅಧ್ಯಯನ ಮಾಡಿದರು. ಅದರ ಪುಸ್ತಕ ಬಂದದ್ದು 1976ರಲ್ಲಿ. ಇನ್ನು ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು', 'ಕೇಳು ಕಿಶೋರಿ' ಎಷ್ಟೋ ಮನೆಗಳ ಕಪಾಟಿನಲ್ಲಿದ್ದವು. ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾಗದ್ದಕ್ಕೆ ಉತ್ತರ ಬರೆದ ಆ ವೈದ್ಯೆ ಕೊನೆಗೆ ತಾವೇ ಕ್ಯಾನ್ಸರ್ ರೋಗಿಯಾಗಿ 1991ರಲ್ಲಿ ತೀರಿಕೊಂಡರು.

ಡಾಕ್ಟರನ್ನೇ ದೂರುವುದೂ ಸರಿಯಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಹೊರರೋಗಿ ವಿಭಾಗದ ಕ್ಯೂ ನೋಡಿದವರಿಗೆ ಗೊತ್ತು, ಪ್ರತಿಯೊಬ್ಬರ ಸೀಮಂತದ ಕಥೆಗೂ ಅಲ್ಲಿ ಪುರುಸೊತ್ತೆಲ್ಲಿ? ಅದಕ್ಕೇ ಈಗ ಹೋಗುವ ಮುಂಚೆ ಮನೆಯಲ್ಲೇ ಅಜ್ಜಿ ಹೇಳ್ತಾಳೆ, ನಾನು ನೋಟ್‌ಬುಕ್ಕಲ್ಲಿ ಅವಳ ಮಾತಲ್ಲೇ ಬರ್ಕೋತೀನಿ. ಯಾವ ಮಾತ್ರೆ, ಯಾವಾಗ, ಆ ದಿನ ಏನು ತಿಂದಳು ಅನ್ನೋದೂ ಇರುತ್ತೆ. ನಿಮ್ಮ ಮನೆಯಲ್ಲೂ ವ್ರತ, ಉಪವಾಸ ಮಾಡುವ ಶುಗರ್‌ನವರಿದ್ದರೆ ಮಾತ್ರೆ ತಾವಾಗೇ ಬಿಡುವುದೂ ಬೇಡ, ನುಂಗುವುದೂ ಬೇಡ. ಡಾಕ್ಟರನ್ನು ಮೊದಲೇ ಕೇಳಿ.

ನಮ್ಮ ಡಾಕ್ಟರು ಮಾತ್ರೆ ಬದಲಾಯಿಸಿದರು. ಏಕಾದಶಿ ದಿನ ಹಾಲು-ಹಣ್ಣಾದರೂ ತಗೊಳ್ಳಿ ಅಂದರು. ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ, ಅರ್ಧ ಗಂಟೆ ಚೌಕಾಸಿ ಆಯ್ತು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಳ್ಳಿ ಇಣುಕಿದರು.