ಕಡವೆ ಬೇಟೆ (ಮಲೆನಾಡು)

ಮಲೆನಾಡಿನಲ್ಲಿ ಹಿಂದೆ ಕಡವೆಯನ್ನು ಎರಡು ಬಗೆಯಲ್ಲಿ ಬೇಟೆಯಾಡುತ್ತಿದ್ದರು. ಒಬ್ಬನೇ ಮರವೇರಿ, ಪ್ರಾಣಿಯು ಹಣ್ಣಿಗೋ ನೀರಿಗೋ ಬರುವುದನ್ನು ಕಾಯುವುದು ‘ಮರಸು’. ಹಳು ನುಗ್ಗುವವರು ನಾಯಿಗಳೊಡನೆ ಕಾಡನ್ನು ಸೋವಿ, ‘ಬಿಲ್ಲು’ ಎಂಬ ಗೊತ್ತುಪಡಿಸಿದ ತಾಣಗಳಲ್ಲಿ ನಿಂತ ಕೋವಿಗಾರರತ್ತ ಪ್ರಾಣಿಯನ್ನು ಅಟ್ಟುವುದು ಗುಂಪುಬೇಟೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಕೃತಿಯಲ್ಲಿ ಇಂಥ ಬೇಟೆಯ ವರ್ಣನೆಯಿದೆ.

ಕಡವೆಯ ಕಿವಿ, ಮೂಗು ಬಹು ಚುರುಕು. ಪಿಸುಮಾತೂ ಅದನ್ನು ಓಡಿಸಬಲ್ಲದು. ಆದ್ದರಿಂದ ಮರಸಿಗೆ ಒಂಟಿತನವೇ ಅನುಕೂಲ. ಆದರೆ ಗಾಯಗೊಂಡ ಪ್ರಾಣಿಯನ್ನು ಕತ್ತಲಲ್ಲಿ ಅರಸುವುದು, 200 ಕಿಲೋಗ್ರಾಂ ಮೀರಬಲ್ಲ ದೇಹವನ್ನು ಸಾಗಿಸುವುದು ಒಬ್ಬನ ಕೆಲಸವಲ್ಲ. ಮರದಿಂದ ಬಿದ್ದರೆ ಕೇಳುವವರೂ ಇಲ್ಲ. ಗುಂಪಿನಲ್ಲಿ ನೆರವುಂಟು, ಬೇರೆಯದೇ ಅಪಾಯವೂ ಉಂಟು: ಪೊದೆ ಅಲುಗಿದೊಡನೆ ಹಾರಿಸಿದ ಗುಂಡು ಹಳು ನುಗ್ಗುವವನಿಗೇ ತಗುಲಬಹುದು.

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ಕಡವೆ ಬೇಟೆಯು ಶಿಕ್ಷಾರ್ಹ ಅಪರಾಧ. ಒಂಟಿ, ಗುಂಪು ಎಂಬ ಭೇದವಿಲ್ಲ.